ವುಝೂವಿನಲ್ಲೂ ದುಂದೇ?

ಅನ್ನ ಚೆಲ್ಲಿದ ಮಕ್ಕಳನ್ನು ಗದರುವ ನಾವು ವುಝೂವಿಗೆ ಕುಳಿತಾಗ ನಲ್ಲಿ ತಿರುಗಿಸಿಟ್ಟು ನಿಧಾನವಾಗಿ ತೋಳು ಮಡಚುತ್ತೇವೆ. ಆರಾಧನೆಗೆ ಬಳಸಿದ ನೀರು ಪೋಲಾಗುವುದೆಂತು ಎಂಬ ಭಾವನೆ. ಪ್ರವಾದಿವರ್ಯರು(ಸ) ತಡೆದಾಗ ಹಝ್ರತ್ ಸಅದ್(ರ) ಕೇಳಿದ್ದೂ ಇದನ್ನೇ. ಹರಿಯುವ ನದಿಯ ದಡದಲ್ಲಿದ್ದರೂ ಅದು ದುಂದೇ ಎಂಬ ಉತ್ತರ ಇಬ್ನು ಮಾಜಃದ ವರದಿಯಲ್ಲಿದೆ. ಸ್ವತಃ ಪ್ರವಾದಿಯವರ(ಸ) ವುಝೂವಿಗೆ ಒಂದು ಮುದ್ದ್, ಅಂದರೆ ಸುಮಾರು ಮುಕ್ಕಾಲು ಲೀಟರ್ ನೀರು ಸಾಕಾಗುತ್ತಿತ್ತು.

ನಮ್ಮ ಗೂಳೂರಿನಲ್ಲಿ ನದಿಯೂ ಇಲ್ಲ. ಕೆರೆ ತುಂಬಬೇಕಾದರೆ ಮಳೆ ಬರಬೇಕು, ಇಲ್ಲವೇ ಹಾಸನದ ಗೊರೂರಿನಿಂದ ಹೇಮಾವತಿ ನಾಲೆ ಹಿಡಿದು ಬರಬೇಕು. ಅಲ್ಲಾಹನ ಹಕ್ಕು ಸಲ್ಲಿಸುವ ಹೆಸರಿನಲ್ಲಿ ನೆರೆಮನೆಯವರ ಕೊಡದ ನೀರನ್ನು ಚರಂಡಿಗೆ ಬಿಡಬಹುದೇ?

ನಾಳೆ ಫಜ್ರ್‌ನ ವುಝೂವಿಗೆ ನಲ್ಲಿಯ ಕೆಳಗೊಂದು ಬಕೆಟ್ ಇಟ್ಟು ನೋಡಿ. ನಮ್ಮ ಮನೆಯಲ್ಲಿ ಅರ್ಧ ತುಂಬಿತ್ತು! ಈಗ ತಂಬಿಗೆ ಹಿಡಿದಿದ್ದೇವೆ. ಮಸೀದಿಯ ನಲ್ಲಿಗಳ ಮಾತು ಇನ್ನೂ ಬಾಕಿಯಿದೆ.