ಅಡಿಕೆಗೂ ಅದೇ ತಕ್ಕಡಿ

ಕೊಕ್ಕಡದವರಿಗೆ ಎಂಡೋಸಲ್ಫಾನ್ ಏನೆಂದು ಹೇಳಬೇಕಾಗಿಲ್ಲ. ಗಡಿಯಾಚೆ ಕಾಸರಗೋಡಿನ ಗೇರುತೋಟಗಳಿಗೆ ಅದನ್ನು ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದ್ದ ಪ್ಲಾಂಟೇಶನ್ ಕಾರ್ಪೊರೇಶನ್ 2001ರಲ್ಲಿ ತಾನೇ ಒಂದು ಅಧ್ಯಯನ ಮಾಡಿಸಿತು. ಜನರ ರಕ್ತದಲ್ಲಿ ವಿಷವಿಲ್ಲ ಅಂತ ವರದಿ ಬಂತು. ಅದೇ ವರ್ಷ ದಿಲ್ಲಿಯ ಸಿಎಸ್‌ಇಗೆ ಪಡ್ರೆಯವರ ರಕ್ತದಲ್ಲಿ ವಿಷ ಸಿಕ್ಕಿತ್ತು. ದುಡ್ಡು ಕೊಟ್ಟವರ ವರದಿ ಅಂತ ನಾವೆಲ್ಲ ಬೈದೆವು, ಸರಿಯಾಗಿಯೇ ಬೈದೆವು.

ಈಗ ನಮ್ಮ ಅಂಗಳಕ್ಕೆ ಬನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲಿ, ತಂಬಾಕಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಯಾರಿಗೆ ರುಚಿಸೀತು? ನನ್ನ ಬಿಇ ಫೀಸೂ ಅಡಿಕೆಯದ್ದೇ. ಬೆಳೆಗಾರರ ಹಣದಲ್ಲಿ ಮೆಡಿಕಲ್ ಕಾಲೇಜಿನ ಪ್ರೊಫೆಸರೊಬ್ಬರು ‘ಅಡಿಕೆ ನಿರಪಾಯ’ ಅಂತ ಬರೆದರೆ, ವಾಟ್ಸಾಪಿನಲ್ಲಿ ಹಂಚುವ ಮೊದಲು ಹಣ ಯಾರದ್ದು ಅಂತ ಕೇಳ್ತೇವಾ?

ಅವರು ಸುಳ್ಳುಗಾರರೇ ಆಗಬೇಕಿಲ್ಲ. ನಮ್ಮ ಆಫೀಸಿನಲ್ಲಿ ಕೋಡ್ ಬರೆದವನೇ ಅದನ್ನು ಪಾಸ್ ಮಾಡುವಂತಿಲ್ಲ. ಅವನು ಕಳ್ಳ ಅಂತಲ್ಲ. ಏನನ್ನು ಪರೀಕ್ಷಿಸಬೇಕು, ಯಾವ ಫಲಿತಾಂಶ ಕಪಾಟಿನಲ್ಲೇ ಉಳಿಯಬೇಕು ಅನ್ನುವಷ್ಟರಲ್ಲೇ ಹಣ ತನ್ನ ಕೆಲಸ ಮಾಡಿರುತ್ತದೆ. ಬೆಳೆಗಾರರು ಹಣ ಕೊಡಲಿ, ಬೇಡ ಅನ್ನಲ್ಲ. ಸಂಶೋಧಕರನ್ನು ಆರಿಸೋದು, ವರದಿ ತಡೆಯೋದು ಅವರ ಕೈಯಲ್ಲಿರಬಾರದು. ತೋಟ ನಮ್ಮದು ಹೌದು. ಊಟವಾದ ಮೇಲೆ ಎಲೆಯಡಿಕೆ ಹಾಕುವವರೂ ನಮ್ಮಪ್ಪನೇ.