ಬರಿದಾದ ಕೊಡ

ಜೊತೆಯಲ್ಲಿ ದುಡಿಯುವವರ ಸ್ವಭಾವ ನಮಗೆ ಒಗ್ಗದಿದ್ದರೆ ಅವರನ್ನು ತಿದ್ದಬೇಕೆ, ಸಹಿಸಬೇಕೆ? ನಮ್ಮ ಆಫೀಸುಗಳು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಬೌದ್ಧ ಸಂಘ ಈ ಪ್ರಶ್ನೆಯನ್ನು ಎದುರಿಸಿತ್ತು. ಕೌಶಾಂಬಿಯಲ್ಲಿ ಸಂಘವನ್ನೇ ಒಡೆದ ಜಗಳ, ಅಟ್ಠಕಥೆಗಳೆಂಬ ಪಾಲಿ ವ್ಯಾಖ್ಯಾನಗಳ ಪ್ರಕಾರ, ಶುರುವಾದದ್ದು ಶೌಚದ ಮನೆಯಲ್ಲಿ. ಧರ್ಮ ಬೋಧಿಸುವ ಭಿಕ್ಷುವೊಬ್ಬ ಪಾತ್ರೆಯಲ್ಲಿ ಉಳಿದ ನೀರನ್ನು ಚೆಲ್ಲದೆ ಬಂದ. ವಿನಯವನ್ನು, ಎಂದರೆ ಸಂಘದ ನಡವಳಿಕೆಯ ನಿಯಮಗಳನ್ನು, ಬಲ್ಲ ಇನ್ನೊಬ್ಬ ಅದು ತಪ್ಪೆಂದ. ಬೇಕೆಂದು ಮಾಡದಿದ್ದರೆ ತಪ್ಪಲ್ಲ ಎಂದೂ ಅವನೇ ಹೇಳಿದ. ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಆಮೇಲೆ ಅವನು ತನ್ನ ಶಿಷ್ಯರ ಮುಂದೆ, ಆತನಿಗೆ ತನ್ನ ತಪ್ಪೇ ಗೊತ್ತಾಗುವುದಿಲ್ಲ ಎಂದು ಆಡಿಕೊಂಡ. ಮಾತು ಈ ಶಿಷ್ಯರಿಂದ ಆ ಶಿಷ್ಯರಿಗೆ ದಾಟಿ ಎರಡು ಬಣಗಳಾದವು. ಬುದ್ಧನ ಮಾತೂ ನಾಟಲಿಲ್ಲ. ಆತ ಊರು ಬಿಟ್ಟು ಹೊರಟ.

ಹೋಗುವ ದಾರಿಯಲ್ಲಿ ಪಾಚೀನವಂಸ ವನದಲ್ಲಿ ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಸಿಕ್ಕರು. ಹೇಗೆ ಹೊಂದಿಕೊಂಡಿದ್ದೀರಿ ಎಂದು ಬುದ್ಧ ಕೇಳಿದ. ಅವರು ಕೊಟ್ಟ ವಿವರ ಮನೆಗೆಲಸದ್ದು. ಭಿಕ್ಷೆಯಿಂದ ಮೊದಲು ಮರಳಿದವನು ಆಸನ ಹಾಸಿ ಕುಡಿಯುವ ನೀರಿಡುತ್ತಾನೆ. ಕೊನೆಗೆ ಬಂದವನು ಎಲ್ಲ ಎತ್ತಿಟ್ಟು ಗುಡಿಸುತ್ತಾನೆ. ಕೊಡ ಬರಿದಾದದ್ದು ಯಾರ ಕಣ್ಣಿಗೆ ಬಿತ್ತೋ ಅವನೇ ತುಂಬುತ್ತಾನೆ. ಭಾರವಾದರೆ ಕೈಸನ್ನೆ ಮಾಡಿ ಇನ್ನೊಬ್ಬನನ್ನು ಕರೆಯುತ್ತಾನೆ. ನಿನ್ನೆ ತುಂಬಿದವರು ಯಾರೆಂಬ ಲೆಕ್ಕ ಅಲ್ಲಿಲ್ಲ. ಕಚೇರಿಯ 20 ಲೀಟರಿನ ಕ್ಯಾನಿನಲ್ಲಿ ಅರ್ಧ ಲೋಟಕ್ಕೇ ನೀರು ನಿಂತಾಗ ಮೆಲ್ಲಗೆ ಸೀಟಿಗೆ ಮರಳುವವರನ್ನು ನೆನೆದರೆ ಈ ಮೂವರ ಕೊಡದ ಬೆಲೆ ತಿಳಿಯುತ್ತದೆ. ಸಹೋದ್ಯೋಗಿಗಳ ಹೊಂದಾಣಿಕೆಗೆ ಪರಸ್ಪರ ಮೆಚ್ಚುಗೆ ಬೇಕಿಲ್ಲ, ಎಲ್ಲರಿಗೂ ಸೇರಿದ ಸಣ್ಣ ಕೆಲಸಕ್ಕೆ ಕೈಹಾಕುವ ಮನಸ್ಸಿದ್ದರೆ ಸಾಕು ಎಂಬುದು ನನ್ನ ವಾದ.

ಸ್ವಭಾವ ಅಷ್ಟು ಸುಲಭಕ್ಕೆ ಬದಲಾಗದು ಎಂಬುದು ಹಳಬರಿಗೆ ಗೊತ್ತಿತ್ತು. 5ನೆಯ ಶತಮಾನದ ಬೌದ್ಧ ಪಂಡಿತ ಬುದ್ಧಘೋಷ ತನ್ನ ವಿಶುದ್ಧಿಮಗ್ಗ ಎಂಬ ಗ್ರಂಥದಲ್ಲಿ ಆರು ಬಗೆಯ ಸ್ವಭಾವಗಳನ್ನು ಹೇಳಿ, ಪೊರಕೆ ಹಿಡಿಯುವ ಬಗೆಯಲ್ಲೇ ಅವನ್ನು ಗುರುತಿಸಬಹುದು ಎನ್ನುತ್ತಾನೆ. ಸಿಡುಕು ಸ್ವಭಾವದವನು ಪೊರಕೆಯನ್ನು ಬಿಗಿಹಿಡಿದು, ಮರಳನ್ನು ಎರಡೂ ಬದಿಗೆ ಎರಚುತ್ತ, ಸದ್ದು ಮಾಡುತ್ತ ಗುಡಿಸುತ್ತಾನೆ. ಆದರೆ ಅದೇ ಸಿಡುಕನ್ನು ಬುದ್ಧಘೋಷ ವಿವೇಕದ ಪಕ್ಕದಲ್ಲಿ ಕೂರಿಸುತ್ತಾನೆ: ಒಂದು ಇಲ್ಲದ ದೋಷ ಹುಡುಕುತ್ತದೆ, ಇನ್ನೊಂದು ಇರುವ ದೋಷವನ್ನು. ಕಡತದಲ್ಲಿ ಸದಾ ಕೊಂಕು ತೆಗೆಯುವ ಸಹೋದ್ಯೋಗಿಯ ಕಣ್ಣಿಗೇ ನಾವು ಬಿಟ್ಟ ತಪ್ಪು ಬೀಳುವುದು. ಅವನ ಕಿರಿಕಿರಿಯನ್ನು ಕಿತ್ತು ಬಿಸಾಡಿದರೆ ಆ ಕಣ್ಣೂ ಹೋದೀತು.

ಕೊಡ ತುಂಬುತ್ತಿದ್ದ ಆ ಮೂವರು ಸನ್ಯಾಸಿಗಳು, ಸಂಬಳ ಬಡ್ತಿಗಳ ಗೊಡವೆ ಇಲ್ಲದವರು ಎಂಬ ಆಕ್ಷೇಪ ಬರಬಹುದು. ಕೌಶಾಂಬಿಯವರೂ ಸನ್ಯಾಸಿಗಳೇ ತಾನೆ? ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಸುಮ್ಮನೆ ಕೊಡ ತುಂಬುವವನ ಮೇಲೇ ಎಲ್ಲ ಹೊರೆ ಬೀಳುತ್ತದೆ, ಮೌನ ಅನ್ಯಾಯಕ್ಕೆ ಆಸರೆಯಾಗುತ್ತದೆ. ಇದು ನಿಜ, ಸಂಘಕ್ಕೂ ಇದು ಗೊತ್ತಿತ್ತು. ಇನ್ನೊಂದು ಗುಂಪು ಥೇಟು ಇದೇ ಏರ್ಪಾಟು ಮಾಡಿಕೊಂಡು, ಜಗಳವಾಗದಿರಲೆಂದು ಇಡೀ ಮಳೆಗಾಲ ಮಾತೇ ಬಿಟ್ಟಿತ್ತು. ಅವರನ್ನು ಬುದ್ಧ ಪಶುಗಳಂತೆ ಬಾಳಿದಿರೆಂದು ಗದರಿದ. ಅನುರುದ್ಧನೂ ಅವನ ಜೊತೆಗಾರರೂ ಹಾಗಲ್ಲ, ಐದು ದಿನಕ್ಕೊಮ್ಮೆ ರಾತ್ರಿಯಿಡೀ ಕೂತು ಧರ್ಮದ ಮಾತಾಡುತ್ತಿದ್ದರು. ಮೂಕರಾಗಿದ್ದ ಆ ಗುಂಪಿನ ಪ್ರಸಂಗದಿಂದಲೇ ಪವಾರಣಾ ಎಂಬ ವಿಧಿ ಬಂತು. ಮಳೆಗಾಲದ ಕೊನೆಗೆ ಪ್ರತಿಯೊಬ್ಬನೂ ಕುಕ್ಕರಗಾಲಿನಲ್ಲಿ ಕೂತು, ಕೈಮುಗಿದು, ನನ್ನಲ್ಲಿ ಕಂಡ, ಕೇಳಿದ, ಶಂಕಿಸಿದ ತಪ್ಪು ಹೇಳಿ ಎಂದು ಮೂರು ಸಲ ಕೇಳಬೇಕು. ಮೊದಲು ಹೀಗೆ ಕೂರಬೇಕಾದವನು ಅಲ್ಲಿರುವವರಲ್ಲಿ ಹಿರಿಯ.