ಹೋದವರ ಜಾಗಕ್ಕೆ ಬಂದವರು



ಇವತ್ತಿನ ಚಿಂತನೆ ಎಂದಿಗಿಂತ ಉದ್ದ ಇದೆ. ಪುರುಸೊತ್ತಾದಾಗ ಓದಿ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ನಮ್ಮ ಭಾನುವಾರದ ಓದನ್ನು ಹನ್ನೊಂದು ವರ್ಷ ನಡೆಸಿಕೊಂಡು ಬಂದ ಅಣ್ಣ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಅವರ ದನಿ ನಿಮಗೆಲ್ಲ ಗೊತ್ತು. 'ಬುದ್ಧ ಮತ್ತು ಆತನ ಧಮ್ಮ' ಪುಸ್ತಕವನ್ನು ಅವರು ಓದುತ್ತಿದ್ದರೆ ಹೊರಗೆ ಮಳೆ ಬಿದ್ದದ್ದೂ ತಿಳಿಯುತ್ತಿರಲಿಲ್ಲ. ಈಗ ಅದೇ ಪ್ರತಿಯನ್ನು, ಅವರು ಪೆನ್ಸಿಲಿನಲ್ಲಿ ಗೆರೆ ಎಳೆದ ಅದೇ ಪುಟಗಳನ್ನು ಓದುವವಳು ಹೊನ್ನಾವರದ ಕಡೆಯಿಂದ ಬಸ್ಸು ಹಿಡಿದು ಬರುವ ಒಬ್ಬ ಹುಡುಗಿ. ಬಿ.ಎಡ್. ಮುಗಿಸಿ ಕೆಲಸ ಹುಡುಕುತ್ತಿದ್ದಾಳೆ. ನಾವೇ ಒಪ್ಪಿಸಿ ಕೂರಿಸಿದ್ದು.

ಅವಳು ಓದಲು ಕುಳಿತ ಎರಡನೆಯ ಭಾನುವಾರ ನಾನು ಒಂದೇ ಪುಟದಲ್ಲಿ ಮೂರು ಸಲ ತಡೆದೆ. "ದಮ್ಮ ಅಲ್ಲ ತಂಗಿ, ಧಮ್ಮ. ಮಹಾಪ್ರಾಣ." ಕನ್ನಡ ಮೇಷ್ಟ್ರ ಚಟ ಎಂದು ಯಾರಾದರೂ ನಕ್ಕಿರಬಹುದು. ಮೂರನೆಯ ಸಲ ಹೇಳಿದ ಮೇಲೆ ಅವಳ ದನಿ ಎಷ್ಟು ಸಣ್ಣದಾಯಿತೆಂದರೆ ಬಾಗಿಲ ಹತ್ತಿರ ಕೂತವರಿಗೆ ಕೇಳಲಿಲ್ಲ. ಮನೆಗೆ ಹೋಗುವಾಗ ಒಬ್ಬರು ಹೇಳಿದರು: "ಅಣ್ಣ ಓದಿದ ಹಾಂಗೆ ಆಗೂದಿಲ್ಲ ಸರ್." ನಾನು ಹೌದು ಎಂದೆ.

ನೆನಪು ಮಾಡಿಕೊಳ್ಳಿ. ಅಣ್ಣ ಹನ್ನೊಂದು ವರ್ಷವೂ 'ದಮ್ಮ' ಎಂದೇ ಓದಿದವರು. 'ಬುದ್ದ', 'ಸಂಗ' ಎಂದೇ ಅಂದವರು. ಒಂದು ದಿನವೂ ನಾನು ತಿದ್ದಲಿಲ್ಲ. ಅವರ ಬಾಯಲ್ಲಿ ಅದು ಚೆಂದವೇ ಕೇಳುತ್ತಿತ್ತು.

ಇದನ್ನು ನನಗೆ ತೋರಿಸಿಕೊಟ್ಟವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ರಜೆಗೆ ಬಂದಿದ್ದ. ನಾನು ಫೋನಿನಲ್ಲಿ ಯಾರದೋ ಹತ್ತಿರ ಇದೇ ದೂರು ಹೇಳುತ್ತಿದ್ದುದು ಅವನ ಕಿವಿಗೆ ಬಿತ್ತು. "ಮಾವ, ಮೆಟಾಲಿಕಾದವರು ಮಾಡಿದ್ದನ್ನೇ ನೀವೂ ಮಾಡ್ತಾ ಇದ್ದೀರಿ" ಎಂದ. ಅವನಿಗೆ ಹೆವಿ ಮೆಟಲ್ ಹುಚ್ಚು. ಆ ಸಂಗೀತ ನನ್ನ ಕಿವಿಗೆ ಕ್ರಷರ್ ಯಂತ್ರದ ಹಾಗೆ ಕೇಳುತ್ತದೆ, ಸುಳ್ಳು ಹೇಳಲಾರೆ. ಆದರೆ ಅವನು ಹೇಳಿದ ಕತೆ ತಲೆಯಲ್ಲಿ ಉಳಿಯಿತು.

ಮೆಟಾಲಿಕಾ ಅಮೆರಿಕದ ತಂಡ. ಅದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನು ಕ್ಲಿಫ್ ಬರ್ಟನ್. ಬೇಸ್ ಎಂದರೆ ದಪ್ಪ ತಂತಿಯ ಗಿಟಾರ್. ಹಾಡಿನ ತಳದಲ್ಲಿ ನಿಂತು ಮೇಲಿನ ಎಲ್ಲವನ್ನೂ ಹೊರುವ ದನಿ. ಆಟದಲ್ಲಿ ಮದ್ದಳೆ ಇದ್ದ ಹಾಗೆ ಎಂದುಕೊಳ್ಳಿ. ಇದ್ದಾಗ ಗಮನಿಸುವುದಿಲ್ಲ, ನಿಂತರೆ ಭಾಗವತಿಕೆಯೇ ಬೋಳಾಗುತ್ತದೆ. 1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಅವರ ಬಸ್ಸು ಮಗುಚಿ ಕ್ಲಿಫ್ ಸತ್ತ. ವಯಸ್ಸು 24. ಉಳಿದವರು ಹೆಚ್ಚು ದಿನ ಬಿಡದೆ ಜೇಸನ್ ನ್ಯೂಸ್ಟೆಡ್ ಎಂಬ ಹುಡುಗನನ್ನು ಸೇರಿಸಿಕೊಂಡರು, 1988ರಲ್ಲಿ ಹೊಸ ಆಲ್ಬಂ ತಂದರು. ಜನ ಮುಗಿಬಿದ್ದು ಕೊಂಡರು. ಆದರೆ ಅದರಲ್ಲಿ ಜೇಸನ್ನನ ಬೇಸ್ ಕೇಳುವುದೇ ಇಲ್ಲ. ಅವನು ಎಲ್ಲ ಹಾಡಿಗೂ ನುಡಿಸಿದ್ದಾನೆ. ದನಿಗಳನ್ನು ಕೂಡಿಸುವಾಗ ಅವನದನ್ನು ಇಳಿಸಿಬಿಟ್ಟಿದ್ದಾರೆ. ಸತ್ತ ಕ್ಲಿಫ್ ಬಿಟ್ಟುಹೋಗಿದ್ದ ತುಣುಕುಗಳಿಂದ ಕಟ್ಟಿದ ಹಾಡೊಂದು ಅದೇ ಆಲ್ಬಮ್ಮಿನಲ್ಲಿದೆ. ಸತ್ತವನಿಗೆ ಜಾಗ ಸಿಕ್ಕಿದೆ, ಬದುಕಿರುವವನಿಗೆ ಸಿಕ್ಕಿಲ್ಲ. ಆಲ್ಬಮ್ಮಿನ ಹೆಸರೇನು ಗೊತ್ತೇ? ಕನ್ನಡದಲ್ಲಿ ಹೇಳಿದರೆ 'ಮತ್ತು ಎಲ್ಲರಿಗೂ ನ್ಯಾಯ'.

ಹೊಸಬನನ್ನು ಛೇಡಿಸಿ ಗೋಳಾಡಿಸಿದ್ದನ್ನು, ಅದರ ಬೇರು ದುಃಖದಲ್ಲಿ ಇದ್ದುದನ್ನು ತಂಡದವರೇ ಆಮೇಲೆ ಒಪ್ಪಿಕೊಂಡರಂತೆ. ಜೇಸನ್ 14 ವರ್ಷ ಇದ್ದು 2001ರಲ್ಲಿ ಬಿಟ್ಟುಹೋದ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನನ್ನ ಅಳಿಯ ಆ ತಂಡವನ್ನು ಕಂಡಾಗ ಬೇಸ್ ಹಿಡಿದಿದ್ದವನು ಮತ್ತೊಬ್ಬ.

ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂದಲ್ಲ. ಎಸಿ/ಡಿಸಿ ಎಂಬ ಇನ್ನೊಂದು ತಂಡದ ಹಾಡುಗಾರ ಬಾನ್ ಸ್ಕಾಟ್ 1980ರ ಫೆಬ್ರವರಿಯಲ್ಲಿ ತೀರಿಕೊಂಡ. ಅದೇ ಜುಲೈಯಲ್ಲಿ ಅವರು ಹೊಸ ಹಾಡುಗಾರ ಬ್ರಯಾನ್ ಜಾನ್ಸನ್ ಜೊತೆ ಆಲ್ಬಂ ತಂದರು. ಹೊದಿಕೆ ಪೂರ್ತಿ ಕಪ್ಪು, ಮೊದಲ ಹಾಡು ಶುರುವಾಗುವುದು ಗಂಟೆಯ ಸದ್ದಿನಿಂದ. ಹೋದವನಿಗೆ ಸಲ್ಲಬೇಕಾದ್ದನ್ನು ಅಲ್ಲಿ ಸಲ್ಲಿಸಿ, ಹಾಡುವುದನ್ನು ಮಾತ್ರ ಬಂದವನಿಗೆ ಬಿಟ್ಟರು. ಆತ ಗಂಟಲು ಬಿಚ್ಚಿ ಹಾಡಿದ.

ನಮ್ಮ ಕಡೆ ಇದು ಹೊಸ ಮಾತೇನಲ್ಲ. 1990ರಲ್ಲಿ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ನಾನಿನ್ನೂ ಸಣ್ಣವ. ಮೂವತ್ತರ ಆಸುಪಾಸಿನ ವಯಸ್ಸಿನಲ್ಲೇ ಸಾಲಿಗ್ರಾಮ ಮೇಳದ ಉಸಿರಾಗಿದ್ದವರು. ಆಮೇಲೆ ಒಂದು ರಾತ್ರಿ ಕುಮಟೆಯ ಹತ್ತಿರ ಗದ್ದೆಯಲ್ಲಿ ನಡೆದ ಆಟಕ್ಕೆ ದೊಡ್ಡಪ್ಪನ ಜೊತೆ ಹೋಗಿದ್ದೆ. (ಆಟದ ಗದ್ದೆಯಲ್ಲಿ ನಮ್ಮ ಹಿರಿಯರು ಎಲ್ಲಿ ಕೂರಬೇಕಿತ್ತು ಎಂಬುದು ಬೇರೆ ಕತೆ, ಇನ್ನೊಂದು ದಿನ ಬರೆಯುತ್ತೇನೆ.) ಬೇರೊಬ್ಬ ಭಾಗವತರು ಹಾಡುತ್ತಿದ್ದರು. ಬೆಳಗಿನ ತನಕ ದೊಡ್ಡಪ್ಪನ ಬಾಯಲ್ಲಿ ಒಂದೇ ಮಾತು: "ನಾವಡರ ಹಾಂಗೆ ಇಲ್ಲ, ನಾವಡರ ಹಾಂಗೆ ಇಲ್ಲ." ಆ ಭಾಗವತರು ಹೇಗೆ ಹಾಡಿದರು ಎಂದು ಇವತ್ತು ನನ್ನನ್ನು ಕೇಳಿದರೆ ಗೊತ್ತಿಲ್ಲ. ಇಡೀ ರಾತ್ರಿ ಎದುರಿಗೇ ಕೂತಿದ್ದೆವು, ಕೇಳಲಿಲ್ಲ.

ಗುಣವಂತೆಯ ಕೆರೆಮನೆ ಮೇಳದ್ದು ಬೇರೆ ದಾರಿ. 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ್ದು. ಅವರ ಮಗ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ರಾಮನ ವೇಷ ಕಟ್ಟಿದ್ದೇ ಕೊನೆಯಾಯಿತು. ಮೇಳ ನಿಲ್ಲಲಿಲ್ಲ, ಅವರ ಮಗ ಶಿವಾನಂದ ಹೆಗಡೆಯವರು ನಡೆಸಿಕೊಂಡು ಬಂದರು. ಅವರ ಶ್ರಮ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಹೋದವರಿಗೂ ಬಂದವರಿಗೂ ನಡುವೆ ಮನೆತನದ ಸಂಕ ಇದೆ. ಮೊಮ್ಮಗನಲ್ಲಿ ಅಜ್ಜನ ನಿಲುವು ಹುಡುಕಿ ಜನ ಸಮಾಧಾನಪಡುತ್ತಾರೆ. ನಮ್ಮ ಸಂಘಕ್ಕೆ ಆ ಸಂಕ ಇಲ್ಲ, ಇರಲೂ ಬಾರದು. ಹುಟ್ಟಿನಿಂದ ಏನೂ ದಾಟಿ ಬರುವುದಿಲ್ಲ ಎಂದು ಹೇಳಿಯೇ ನಾವು ಈ ಕಡೆ ಬಂದವರು.

ಹಾಗಾದರೆ ದಾಟಿ ಬರುವುದು ಏನು?

ಸಂಯುತ್ತ ನಿಕಾಯದಲ್ಲಿ ಒಂದು ಪ್ರಸಂಗ ಇದೆ. ಸಾರಿಪುತ್ತರು ತೀರಿಕೊಂಡಾಗ ಚುಂದ ಎಂಬ ಸಾಮಣೇರ ಅವರ ಪಾತ್ರೆ, ಚೀವರ ಹಿಡಿದು ಆನಂದರ ಹತ್ತಿರ ಬರುತ್ತಾನೆ. ಆನಂದರು ಭಗವಾನರ ಎದುರು ಕೂತು, ಮೈ ಸೋತುಹೋಗಿದೆ, ದಿಕ್ಕು ತೋರುತ್ತಿಲ್ಲ ಎನ್ನುತ್ತಾರೆ. ಭಗವಾನರು ಕೇಳುವುದು ಒಂದು ಸರಳ ಪ್ರಶ್ನೆ: ಸಾರಿಪುತ್ತ ಹೋಗುವಾಗ ನಿನ್ನ ಶೀಲವನ್ನು ಹೊತ್ತುಕೊಂಡು ಹೋದನೇ? ನಿನ್ನ ಸಮಾಧಿಯನ್ನು, ನಿನ್ನ ಪ್ರಜ್ಞೆಯನ್ನು? ಇಲ್ಲ ಭಂತೆ, ಎನ್ನುತ್ತಾರೆ ಆನಂದರು. ಆದರೂ ಅವರು ನನಗೆ ಎಷ್ಟೆಲ್ಲ ಕೊಟ್ಟವರು ಎಂದು ನೆನೆಯುತ್ತಾರೆ. ಆ ನೆನಪನ್ನು ಭಗವಾನರು ತಪ್ಪು ಅನ್ನುವುದಿಲ್ಲ. ಮೊಗ್ಗಲ್ಲಾನರೂ ಹೋದ ಮೇಲೆ ಗಂಗೆಯ ದಡದ ಉಕ್ಕಚೇಲದಲ್ಲಿ ಭಿಕ್ಖುಗಳ ನಡುವೆ ಕೂತು, ಇವರಿಬ್ಬರೂ ಇಲ್ಲದ ಈ ಸಭೆ ನನಗೆ ಖಾಲಿ ಕಾಣುತ್ತಿದೆ ಎಂದವರೂ ಅವರೇ. ಖಾಲಿಯನ್ನು ಖಾಲಿ ಎಂದರು. ಆದರೆ ಎದುರಿಗೆ ಕೂತಿದ್ದ ಒಬ್ಬ ಭಿಕ್ಖುವಿಗೂ 'ನೀನು ಸಾರಿಪುತ್ತನ ಹಾಗಿಲ್ಲ' ಎನ್ನಲಿಲ್ಲ.

ಭಗವಾನರೇ ಹೋದ ಮೇಲೆ ಏನಾಯಿತು ಎಂಬುದು ಇನ್ನೂ ಯೋಚಿಸಬೇಕಾದ್ದು. ರಾಜಗೃಹದಲ್ಲಿ ಮೊದಲ ಸಂಗೀತಿ ಸೇರಿತು. ಧಮ್ಮವನ್ನು ನೆನಪಿನಿಂದ ಹೇಳಿಕೊಟ್ಟವರು ಆನಂದರು. ಅದೇ ಸಭೆಯಲ್ಲಿ ಹಿರಿಯರು ಆನಂದರ ಮೇಲೆ ತಪ್ಪುಗಳ ಪಟ್ಟಿಯನ್ನೇ ಹೊರಿಸಿದ್ದು ಚುಳ್ಳವಗ್ಗದಲ್ಲಿದೆ. ಚಿಕ್ಕಪುಟ್ಟ ನಿಯಮಗಳು ಯಾವುವು ಎಂದು ಭಗವಾನರನ್ನು ಕೇಳಿಟ್ಟುಕೊಳ್ಳಲಿಲ್ಲ. ಅವರ ಮಳೆಗಾಲದ ಬಟ್ಟೆ ಹೊಲಿಯುವಾಗ ಕಾಲಿನಲ್ಲಿ ಮೆಟ್ಟಿದ. ಹೆಂಗಸರಿಗೆ ಸಂಘದ ಬಾಗಿಲು ತೆರೆಸಿದ. ಆನಂದರು ಹೇಳಿದ್ದಿಷ್ಟು: ಇದರಲ್ಲಿ ನನಗೆ ತಪ್ಪು ಕಾಣುವುದಿಲ್ಲ, ಆದರೆ ನಿಮ್ಮ ಮೇಲಿನ ಗೌರವಕ್ಕೆ ಒಪ್ಪಿಕೊಳ್ಳುತ್ತೇನೆ. ಪಂಡಿತರು ಇದಕ್ಕೆ ಬೇರೆ ಬೇರೆ ಅರ್ಥ ಹೇಳಬಹುದು. ನನಗೆ ಕಾಣುವುದು ದುಃಖ. ದೊಡ್ಡವರೊಬ್ಬರನ್ನು ಕಳೆದುಕೊಂಡವರು ಆ ನೋವನ್ನು ಎಲ್ಲಿ ಇಡಬೇಕು ತಿಳಿಯದೆ, ಹತ್ತಿರ ಸಿಕ್ಕವನ ಹೆಗಲ ಮೇಲೆ ಇಟ್ಟರು. ಬಟ್ಟೆ ಮೆಟ್ಟಿದ್ದು, ಮಹಾಪ್ರಾಣ ಬಿಟ್ಟದ್ದು, ನೆಪ ಯಾವುದಾದರೂ ಆದೀತು.

ಇದೇ ಆನಂದರನ್ನು ಆಮೇಲೆ ಗೋಪಕ ಮೊಗ್ಗಲ್ಲಾನ ಎಂಬ ಬ್ರಾಹ್ಮಣ ಕೇಳುತ್ತಾನೆ: ಗೋತಮರ ಎಲ್ಲ ಗುಣಗಳೂ ಇರುವ ಒಬ್ಬ ಭಿಕ್ಖುವಾದರೂ ನಿಮ್ಮಲ್ಲಿ ಇದ್ದಾನೆಯೇ? ಇಲ್ಲ, ಎನ್ನುತ್ತಾರೆ ಆನಂದರು. ಮುಂದೆ ನಿಮಗೆ ಆಸರೆ ಇವನೇ ಎಂದು ಯಾರನ್ನಾದರೂ ನೇಮಿಸಿದ್ದಾರೆಯೇ ಎಂದು ಮಗಧದ ಮಂತ್ರಿ ಕೇಳುತ್ತಾನೆ. ಅದೂ ಇಲ್ಲ. ಹಾಗಂತ ನಮಗೆ ಆಸರೆ ಇಲ್ಲವೆಂದಲ್ಲ, ಧಮ್ಮ ಇದೆ. ಬಾಬಾಸಾಹೇಬರು ತಮ್ಮ ಗ್ರಂಥದಲ್ಲಿ ಈ ವಿಚಾರಕ್ಕೆ ಎಷ್ಟು ಒತ್ತು ಕೊಟ್ಟಿದ್ದಾರೆ ಎಂಬುದು ಓದಿದವರಿಗೆ ಗೊತ್ತು. ಒಬ್ಬ ಮನುಷ್ಯನ ಅಧಿಕಾರದ ಮೇಲೆ ನಿಲ್ಲಬೇಕಾದ ಧಮ್ಮ ಧಮ್ಮವೇ ಅಲ್ಲ ಎಂಬುದು ಅವರ ವಾದ.

ಒಂದು ಆಕ್ಷೇಪ ಬರುತ್ತದೆ, ನನಗೇ ಬಂದಿತ್ತು. ಬಂದವರು ನಿಜವಾಗಿ ಕಡಿಮೆ ಇದ್ದರೆ? ಸುಮ್ಮನೆ ಹೊಗಳಬೇಕೇ? ಹೊಗಳಬೇಕಿಲ್ಲ. ತಪ್ಪು ಓದಿದರೆ ತಪ್ಪು ಎನ್ನಬೇಕು. ಸಮ್ಮಾ ವಾಚಾ ಎಂದರೆ ಸಿಹಿ ಮಾತಲ್ಲ. 'ಈ ಪದ ಹೀಗೆ' ಎಂದರೆ ಅವಳು ತಿದ್ದಿಕೊಳ್ಳಬಲ್ಲಳು. 'ನೀನು ಅಣ್ಣನ ಹಾಗಿಲ್ಲ' ಎಂದರೆ ಅವಳು ಏನು ಮಾಡಬೇಕು? ಅಣ್ಣನಾಗಿ ಹುಟ್ಟಿ ಬರಬೇಕೇ? ಈ ಬಗೆಯ ಮಾತನ್ನು ನಾವು ತಲೆತಲಾಂತರದಿಂದ ಕೇಳಿಸಿಕೊಂಡವರು. ಎಷ್ಟು ಓದಿದರೂ, ಎಷ್ಟು ದುಡಿದರೂ 'ನೀನು ಆ ಮನೆಯವನಲ್ಲ' ಎನ್ನಿಸಿಕೊಂಡವರು. ಅದರ ಉರಿ ಗೊತ್ತಿದ್ದೂ ನಾನು ಅದನ್ನೇ ಮಾಡಿದೆ, ವ್ಯಾಕರಣದ ಹೆಸರು ಹೇಳಿಕೊಂಡು.

ಇನ್ನೊಂದು ಮಾತು ನಮ್ಮ ಸಭೆಗಳಲ್ಲಿ ಬಹಳ ಕೇಳುತ್ತದೆ: ಬಾಬಾಸಾಹೇಬರಂಥವರು ಮತ್ತೆ ಹುಟ್ಟಲಾರರು. ನಿಜವೇ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ, ಡಿಸೆಂಬರ್ 6ರಂದು ಪರಿನಿಬ್ಬಾಣ. ನಡುವೆ 53 ದಿನ. ಅವರ ಗ್ರಂಥ ಅಚ್ಚಾಗಿ ಬಂದದ್ದು 1957ರಲ್ಲಿ, ನೋಡಲು ಅವರಿರಲಿಲ್ಲ. ಆಗ ಆ ಪುಸ್ತಕವನ್ನು ಕೇರಿಗಳಲ್ಲಿ ಕೂತು ಗಟ್ಟಿಯಾಗಿ ಓದಿದವರು ಯಾರು? ಅವರ ಹೆಸರು ಯಾವ ಫಲಕದಲ್ಲೂ ಇಲ್ಲ. ಅಕ್ಷರ ಆಗಷ್ಟೇ ಕೂಡಿಸಿಕೊಂಡವರು, ತಡವರಿಸಿ ಓದಿದವರು. ಅವರಲ್ಲಿ ಒಬ್ಬರೂ ಬಾಬಾಸಾಹೇಬರ ಹಾಗೆ ಇರಲಿಲ್ಲ. ಅವರ ದನಿಯನ್ನು ಯಾರೂ ಇಳಿಸದೆ ಇದ್ದದ್ದರಿಂದ ನಾವು ಇಲ್ಲಿದ್ದೇವೆ.

ಹೋದ ಭಾನುವಾರದ ಸಂಗತಿ ಹೇಳಿ ಮುಗಿಸುತ್ತೇನೆ, ಬಾರದವರು ಇದ್ದೀರಿ.

ಓದಿಗೆ ಬಂದಿದ್ದು ಕಸ ಗುಡಿಸುವ ಸುನೀತನ ಪ್ರಸಂಗ. ಅಣ್ಣ ಅದನ್ನು ಓದುವಾಗ ಪ್ರತಿ ಸಲವೂ ಗಂಟಲು ಕಟ್ಟಿ ಅಳುತ್ತಿದ್ದರು, ನಾವೂ ಕಣ್ಣೊರೆಸಿಕೊಂಡು ಮುಂದಿನ ಪುಟಕ್ಕೆ ಹೋಗುತ್ತಿದ್ದೆವು. ಈ ಹುಡುಗಿ ಅಳಲಿಲ್ಲ. ಎದುರಿಗೆ ಭಗವಾನರು ಬರುವುದನ್ನು ಕಂಡು ಸುನೀತ ಗೋಡೆಗೆ ಅಂಟಿಕೊಂಡು ನಿಂತ ಎಂಬಲ್ಲಿ ಪುಸ್ತಕ ಮಡಿಲಲ್ಲಿ ಇಟ್ಟು ಕೇಳಿದಳು: "ಯಾಕೆ ಗೋಡೆಗೆ ಅಂಟಿಕೊಂಡ? ಬಗ್ಗಿ ಕೈ ಮುಗಿದು ದಾರಿಯಲ್ಲೇ ನಿಲ್ಲಬಹುದಿತ್ತಲ್ಲ?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಬಾಗಿಲ ಹತ್ತಿರ ಕೂರುವ ಅಜ್ಜಿ, ಹನ್ನೊಂದು ವರ್ಷದಲ್ಲಿ ಒಂದು ಮಾತೂ ಆಡದವರು, ಬಾಯಿ ಬಿಟ್ಟರು. "ನೆರಳು ತಾಗ್ತದೆ ಅಂತ. ನಾವೂ ಒಡೇರ ಅಂಗಳದಲ್ಲಿ ಹಾಂಗೇ ನಿಂತ್ಕಳ್ತಿದ್ದೆವು. ಅವರು ದಾಟಿ ಹೋಗೋ ತನ್ಕ. ಉಸಿರು ಬಿಟ್ರೆ ಗೋಡೆ ಸುಣ್ಣ ಮೂಗಿಗೆ ಹೋಗ್ತಿತ್ತು." ಅವರು ಕಾಲು ಗಂಟೆ ಮಾತಾಡಿದರು. ಅವರ ನಂತರ ಇನ್ನಿಬ್ಬರು ಹೆಂಗಸರು. ಆ ದಿನ ನಾವು ಓದಿದ್ದು ಒಂದೂವರೆ ಪುಟ ಮಾತ್ರ. ಅವಳ ಉಚ್ಚಾರದಲ್ಲಿ ಎಷ್ಟು ಮಹಾಪ್ರಾಣ ಹೋಯಿತೋ ನಾನು ಲೆಕ್ಕ ಇಡಲಿಲ್ಲ.

ರಾತ್ರಿ ಫೋನ್ ಮಾಡಿ, ಆವತ್ತು ಹಾಗೆ ತಡೆದದ್ದು ತಪ್ಪಾಯಿತು ತಂಗಿ ಎಂದೆ. ಅವಳು ನಕ್ಕಳು. "ಮಹಾಪ್ರಾಣ ಹೇಳಿಕೊಡಿ ಸರ್, ನನಗೂ ಕಲೀಬೇಕು. ಆದ್ರೆ ಓದು ಮುಗಿದ ಮೇಲೆ ಹೇಳಿ" ಎಂದಳು.

ಈ ಭಾನುವಾರ ಸಂಜೆ 4 ಗಂಟೆಗೆ ಎಂದಿನ ಜಾಗದಲ್ಲೇ. ಉಳಿದ ಸುನೀತನ ಭಾಗ, ಆಮೇಲೆ ಸೋಪಾಕ ಮತ್ತು ಸುಪ್ಪಿಯ. ಭಟ್ಕಳ ಕಡೆಯಿಂದ ಬರುವವರು ಬಸ್ಸು ನೋಡಿಕೊಂಡು ಸ್ವಲ್ಪ ಬೇಗ ಹೊರಡಿ. ಅಜ್ಜಿಯನ್ನು ಕರೆತರುವ ಹೊಣೆ ನನ್ನದು.

ಜೈ ಭೀಮ್.